ಹಳೆಯ ಪಾಸ್‌ವರ್ಡ್ ತೋರಿಸಿ ಬೆದರಿಕೆ ಪತ್ರ ಬಂದಿದೆ: ವಯಸ್ಕರ ಸೈಟಿಗೆ ಕೊಟ್ಟ ಮಾಹಿತಿಯನ್ನು ಈಗ ಹೇಗೆ ಕಾಪಾಡಿಕೊಳ್ಳಲಿ?

ಕುಂಜಿಬೆಟ್ಟಿನವ | ಮಂಗಳವಾರ, ರಾತ್ರಿ 11:20

ಪರಿಚಯದವರಲ್ಲಿ ಬಾಯಿಬಿಟ್ಟು ಕೇಳಲಾಗದ ವಿಷಯವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನಗೆ 28 ವರ್ಷ, ಮಣಿಪಾಲದಲ್ಲಿ ಕೆಲಸ, ವಾಸ ಉಡುಪಿಯ ಕುಂಜಿಬೆಟ್ಟಿನ ಒಂದು ಪಿಜಿಯಲ್ಲಿ. ಕಳೆದ ಭಾನುವಾರ ಬೆಳಿಗ್ಗೆ ನನ್ನ ಜಿಮೇಲ್‌ಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಅದರ ಮೊದಲ ಸಾಲಿನಲ್ಲೇ ನಾನು ಕಾಲೇಜಿನ ದಿನಗಳಲ್ಲಿ ಬಳಸುತ್ತಿದ್ದ ಪಾಸ್‌ವರ್ಡ್ ಅಕ್ಷರಕ್ಕೆ ಅಕ್ಷರ ಸರಿಯಾಗಿ ಇತ್ತು. ನಾನು ವಯಸ್ಕರ ಸೈಟ್ ನೋಡುತ್ತಿದ್ದಾಗ ಲ್ಯಾಪ್‌ಟಾಪಿನ ಕ್ಯಾಮರಾದಿಂದ ನನ್ನನ್ನು ಚಿತ್ರೀಕರಿಸಿರುವುದಾಗಿಯೂ, 48 ಗಂಟೆಗಳೊಳಗೆ ಬಿಟ್‌ಕಾಯಿನ್ ಕಳುಹಿಸದಿದ್ದರೆ ಆ ವಿಡಿಯೊವನ್ನು ನನ್ನ ಸಂಪರ್ಕ ಪಟ್ಟಿಯಲ್ಲಿರುವ ಎಲ್ಲರಿಗೂ ಹಂಚುವುದಾಗಿಯೂ ಬರೆದಿದ್ದರು. ಕಳುಹಿಸಿದವರ ವಿಳಾಸ ಯಾವುದೆಂದು ನೋಡಿದರೆ ಅದು ನನ್ನದೇ ವಿಳಾಸ.

ಇದು ಬರಿಯ ಸುಳ್ಳೆಂದು ತಳ್ಳಿಹಾಕಲು ಮನಸ್ಸು ಒಪ್ಪದಿರುವುದಕ್ಕೆ ಕಾರಣವಿದೆ. ಅಂಥ ಸೈಟ್‌ಗಳನ್ನು ನಾನು ನೋಡುತ್ತೇನೆ. ಎರಡು ವರ್ಷಗಳ ಹಿಂದೆ ಒಂದರಲ್ಲಿ ನನ್ನ ನಿಜವಾದ ಜಿಮೇಲ್, ಮೊಬೈಲ್ ಸಂಖ್ಯೆ ಎರಡನ್ನೂ ಕೊಟ್ಟು, ಡೆಬಿಟ್ ಕಾರ್ಡಿನಿಂದ ಸ್ವಲ್ಪ ಹಣ ಕಟ್ಟಿ ಖಾತೆಯನ್ನೂ ತೆರೆದಿದ್ದೆ. ನೋಡುವಾಗಲೆಲ್ಲ ಇನ್‌ಕಾಗ್ನಿಟೊ ಕಿಟಕಿಯನ್ನೇ ಬಳಸಿದ್ದೇನೆ, ಆದರೆ ಹೆಚ್ಚಾಗಿ ಪಿಜಿಯ ವೈಫೈನಲ್ಲಿ. ಈಗ ಆ ಖಾತೆಯನ್ನು ಅಳಿಸಿಬಿಟ್ಟರೆ ಸಾಕೇ? ಇನ್‌ಕಾಗ್ನಿಟೊ ನನ್ನನ್ನು ಎಷ್ಟರ ಮಟ್ಟಿಗೆ ಕಾಪಾಡಿದೆ? ಮದುವೆಯ ಮಾತುಕತೆ ನಡೆಯುತ್ತಿರುವ ಸಮಯವಾದ್ದರಿಂದ ರಾತ್ರಿ ನಿದ್ದೆ ಬರುತ್ತಿಲ್ಲ. ನೈತಿಕತೆಯ ಉಪದೇಶವನ್ನು ಮನೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ, ಅದೊಂದನ್ನು ದಯವಿಟ್ಟು ಬಿಟ್ಟು ಉತ್ತರಿಸಿ.

---

ಹಳೆಯ ರೂಟರ್ | ಬುಧವಾರ, ಬೆಳಿಗ್ಗೆ 7:05

ಮೊದಲು ಆ ಪತ್ರದ ಕಥೆ ಮುಗಿಸೋಣ. ಅದು ಸುಳ್ಳು. ಹಣ ಕಳುಹಿಸಬೇಡಿ, ಉತ್ತರವನ್ನೂ ಬರೆಯಬೇಡಿ. ಇದೇ ಒಕ್ಕಣೆಯ ಪತ್ರಗಳು 2018ರಿಂದ ಲೋಕವೆಲ್ಲ ಹರಿದಾಡುತ್ತಿವೆ. ಪಾಸ್‌ವರ್ಡ್ ಅವರಿಗೆ ಸಿಕ್ಕಿದ್ದು ನಿಮ್ಮ ಲ್ಯಾಪ್‌ಟಾಪಿನಿಂದಲ್ಲ, ಎಂದೋ ಎಲ್ಲಿಯೋ ಸೋರಿದ ಯಾವುದೋ ಪಟ್ಟಿಯಿಂದ. ಉದಾಹರಣೆಗೆ ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕಳವಾದ ಪಾಸ್‌ವರ್ಡ್‌ಗಳು 2016ರಲ್ಲಿ ಬಹಿರಂಗವಾಗಿ ಮಾರಾಟಕ್ಕೆ ಬಂದವು. ಅಂಥ ಪಟ್ಟಿಯೊಂದನ್ನು ಹಿಡಿದು ಲಕ್ಷಾಂತರ ಜನರಿಗೆ ಒಂದೇ ಪತ್ರ ಕಳುಹಿಸಿದರೆ, ನೂರರಲ್ಲಿ ಹಲವರಿಗಾದರೂ ಎದೆ ಧಸಕ್ಕೆನ್ನುತ್ತದೆ ಎಂಬುದಷ್ಟೇ ಅವರ ಲೆಕ್ಕ. ನಿಜವಾಗಿ ವಿಡಿಯೊ ಇದ್ದವನು ಅದರ ಒಂದು ತುಣುಕನ್ನು ತೋರಿಸದೆ ಹಳೆಯ ಪಾಸ್‌ವರ್ಡನ್ನು ತೋರಿಸಿ ಏಕೆ ಹೆದರಿಸುತ್ತಾನೆ? ಇನ್ನು ಕಳುಹಿಸಿದವರ ವಿಳಾಸ. ಅಂಚೆ ಲಕೋಟೆಯ ಹಿಂಬದಿಯಲ್ಲಿ ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲವೇ, ಇದೂ ಹಾಗೆಯೇ. ಜಿಮೇಲ್‌ನಲ್ಲಿ ಆ ಪತ್ರದ ಮೂರು ಚುಕ್ಕೆಗಳನ್ನು ಒತ್ತಿ ಪತ್ರದ ಮೂಲರೂಪವನ್ನು ತೆರೆದು ನೋಡಿದರೆ ಎಸ್‌ಪಿಎಫ್, ಡಿಕೆಐಎಂ ಎಂಬ ಸಾಲುಗಳು ಕಾಣುತ್ತವೆ, ಪತ್ರ ನಿಜವಾಗಿ ಆ ವಿಳಾಸದ ಕಡೆಯಿಂದಲೇ ಬಂದಿದೆಯೇ ಎಂಬ ಪರೀಕ್ಷೆಗಳವು. ಅಲ್ಲಿ ವಿಫಲ ಎಂದಿದ್ದರೆ ಹೆಸರು ಹಾಕಿದವನು ಬೇರೆಯವನೆಂದೇ ಅರ್ಥ. ಆ ಹಳೆಯ ಪಾಸ್‌ವರ್ಡ್ ಇನ್ನೂ ಎಲ್ಲಾದರೂ ಬಳಕೆಯಲ್ಲಿದ್ದರೆ ಮಾತ್ರ ಇಂದೇ ಬದಲಾಯಿಸಿ, ಜಿಮೇಲ್‌ಗೆ ಎರಡು ಹಂತದ ಪರಿಶೀಲನೆಯನ್ನು ಹಾಕಿ.

ನಿಮ್ಮ ನಿಜವಾದ ಪ್ರಶ್ನೆ ಇದಲ್ಲ, ಮುಂದಿನದು. ನೋಡಿದ್ದು ಬೇರೆ, ಕೊಟ್ಟದ್ದು ಬೇರೆ. ನೀವು ಏನನ್ನು ನೋಡಿದಿರೆಂಬುದರ ಗುರುತು ಹಲವು ಕಡೆ ಚದುರಿರುತ್ತದೆ, ಅದನ್ನು ನಿಮ್ಮ ಹೆಸರಿಗೆ ಅಂಟಿಸುವುದು ಸುಲಭವಲ್ಲ. ಆದರೆ ನೀವಾಗಿಯೇ ಬರೆದು ಕೊಟ್ಟ ಜಿಮೇಲ್, ಮೊಬೈಲ್ ಸಂಖ್ಯೆ, ಕಾರ್ಡು ಇವು ಮೂರೂ ಒಂದೇ ಕಪಾಟಿನಲ್ಲಿ ನಿಮ್ಮ ಹೆಸರು ಹೊತ್ತು ಕುಳಿತಿರುತ್ತವೆ. ಅಪಾಯ ಇರುವುದು ಅಲ್ಲಿ.

2015ರ ಜುಲೈನಲ್ಲಿ ಆಶ್ಲಿ ಮ್ಯಾಡಿಸನ್ ಎಂಬ, ವಿವಾಹಿತರ ಗುಪ್ತ ಸಂಬಂಧಗಳಿಗೆಂದೇ ನಡೆಯುತ್ತಿದ್ದ ಸೈಟಿಗೆ ಕನ್ನ ಬಿತ್ತು. ಆಗಸ್ಟ್‌ನಲ್ಲಿ 3 ಕೋಟಿಗೂ ಹೆಚ್ಚು ಖಾತೆಗಳ ವಿವರ ಬಯಲಾಯಿತು. ಆ ಸೈಟು 19 ಡಾಲರ್ ಪಡೆದು ಖಾತೆಯನ್ನು ಸಂಪೂರ್ಣ ಅಳಿಸಿಕೊಡುವ ಸೇವೆಯನ್ನು ಮಾರುತ್ತಿತ್ತು. ಹಣ ಕೊಟ್ಟು ಅಳಿಸಿಸಿಕೊಂಡವರ ವಿವರಗಳೂ ಆ ರಾಶಿಯಲ್ಲಿದ್ದವು. ಮರುವರ್ಷ, 2016ರಲ್ಲಿ, ಫ್ರೆಂಡ್‌ಫೈಂಡರ್ ಎಂಬ ವಯಸ್ಕರ ಸೈಟ್‌ಗಳ ಜಾಲದಿಂದ 41 ಕೋಟಿಗೂ ಹೆಚ್ಚು ಖಾತೆಗಳು ಹೊರಬಿದ್ದಾಗ, ಬಳಕೆದಾರರು ಅಳಿಸಿದ್ದೇವೆಂದು ನಂಬಿದ್ದ ಸುಮಾರು ಒಂದೂವರೆ ಕೋಟಿ ಖಾತೆಗಳು ಅವುಗಳ ನಡುವೆ ಸಿಕ್ಕವು. ಆದ್ದರಿಂದ ಅಳಿಸುವ ಗುಂಡಿಯನ್ನು ಒತ್ತುವ ಮೊದಲು ಒಂದು ಕೆಲಸ ಮಾಡಿ. ಖಾತೆಯ ಒಳಹೊಕ್ಕು, ಉಳಿಸಿಟ್ಟ ಕಾರ್ಡನ್ನು ತೆಗೆಯಿರಿ. ಹೆಸರು, ಹುಟ್ಟಿದ ದಿನಾಂಕ, ಊರು, ಚಿತ್ರ ಎಲ್ಲವನ್ನೂ ಅರ್ಥವಿಲ್ಲದ ಬೇರೆ ವಿವರಗಳಿಂದ ಬದಲಾಯಿಸಿ. ಮೊಬೈಲ್ ಸಂಖ್ಯೆಯನ್ನು ತೆಗೆಯಲು ಬಿಟ್ಟರೆ ತೆಗೆಯಿರಿ. ಕೊನೆಗೆ ಇಮೇಲ್ ವಿಳಾಸವನ್ನು ಇದಕ್ಕೆಂದೇ ತೆರೆದ ಬೇರೊಂದು ವಿಳಾಸಕ್ಕೆ ಬದಲಿಸಿ, ಅಲ್ಲಿಗೆ ಬರುವ ದೃಢೀಕರಣವನ್ನು ಒಪ್ಪಿಕೊಳ್ಳಿ. ಒಂದೆರಡು ವಾರ ಹಾಗೆಯೇ ಬಿಟ್ಟು ಆಮೇಲೆ ಅಳಿಸಿ. ಹಳೆಯ ಪ್ರತಿಗಳಲ್ಲಿ ನಿಮ್ಮ ನಿಜವಾದ ವಿವರ ಇನ್ನೂ ಇರಬಹುದು, ಆದರೆ ಮುಂದೆ ಆಗುವ ಸೋರಿಕೆಯಲ್ಲಿ ಕಸವೇ ಸೋರುವ ಸಾಧ್ಯತೆ ಹೆಚ್ಚು.

ನಿಮ್ಮ ವಿಳಾಸ ಈಗಾಗಲೇ ಸೋರಿದೆಯೇ ಎಂದು ತಿಳಿಯಲು ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣವಿದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ್ದು. ವಯಸ್ಕರ ಸೈಟ್‌ಗಳ ಸೋರಿಕೆಗಳನ್ನು ಅಲ್ಲಿ ಸೂಕ್ಷ್ಮ ವರ್ಗದಲ್ಲಿ ಇಟ್ಟಿದ್ದಾರೆ. ನಿಮ್ಮ ವಿಳಾಸವನ್ನು ಬೇರೆ ಯಾರಾದರೂ ಹುಡುಕಿದರೆ ಅವು ಕಾಣುವುದಿಲ್ಲ, ಆ ಅಂಚೆಪೆಟ್ಟಿಗೆ ತನ್ನದೇ ಎಂದು ದೃಢಪಡಿಸಿದವರಿಗೆ ಮಾತ್ರ ಕಾಣುತ್ತವೆ. ಭಾವೀ ಮಾವನವರು ಕುತೂಹಲಕ್ಕೆ ಹುಡುಕಿದರೆ ಎಂಬ ಭಯ ಬೇಡ.

ಇನ್ನು ಇನ್‌ಕಾಗ್ನಿಟೊ. ಅದು ನಿಮ್ಮ ಫೋನಿನ ಒಳಗೆ ಇತಿಹಾಸವನ್ನೂ ಕುಕಿಗಳನ್ನೂ ಉಳಿಸುವುದಿಲ್ಲ, ಅಷ್ಟೇ. ಸೈಟು, ವೈಫೈ ನಡೆಸುವವರು, ಇಂಟರ್ನೆಟ್ ಒದಗಿಸುವ ಕಂಪನಿ ಇವರಿಗೆ ನಿಮ್ಮ ಓಡಾಟ ಕಾಣಬಹುದೆಂದು ಆ ಕಿಟಕಿಯ ಮೊದಲ ಪುಟದಲ್ಲೇ ಬರೆದಿರುತ್ತದೆ, ನಾವು ಯಾರೂ ಓದುವುದಿಲ್ಲ. 2019ರಲ್ಲಿ ಸಂಶೋಧಕರು 22,484 ಅಶ್ಲೀಲ ಸೈಟ್‌ಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಶೇ. 93ರಷ್ಟು ಬಳಕೆದಾರರ ಮಾಹಿತಿಯನ್ನು ಮೂರನೆಯವರಿಗೆ ಸೋರಿಸುತ್ತಿದ್ದವು, ಇನ್‌ಕಾಗ್ನಿಟೊದಲ್ಲಿ ನೋಡಿದರೂ ಅದು ತಪ್ಪುವುದಿಲ್ಲ. ಇದಕ್ಕೆ ಫೈರ್‌ಫಾಕ್ಸ್ ಬ್ರೌಸರ್ ಜೊತೆಗೆ ಜಾಹೀರಾತು ಮತ್ತು ಹಿಂಬಾಲಕಗಳನ್ನು ತಡೆಯುವ ಯುಬ್ಲಾಕ್ ಒರಿಜಿನ್, ಅಥವಾ ಬ್ರೇವ್ ಬ್ರೌಸರ್, ಯಾವುದಾದರೂ ಒಂದನ್ನು ಈ ಉಪಯೋಗಕ್ಕೆಂದೇ ಪ್ರತ್ಯೇಕವಾಗಿ ಇಟ್ಟುಕೊಳ್ಳಿ, ಅದರಲ್ಲಿ ಗೂಗಲ್ ಖಾತೆಗೆ ಎಂದೂ ಲಾಗಿನ್ ಆಗಬೇಡಿ.

ಪಿಜಿಯ ವೈಫೈ ಬಗ್ಗೆ ನಾನೇ ಕಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸುರತ್ಕಲ್‌ನಲ್ಲಿ ಹುಡುಗರಿಗೆ ಕೋಣೆ ಬಾಡಿಗೆಗೆ ಕೊಡುವ ಒಬ್ಬರ ಮನೆಯಲ್ಲಿ ರೂಟರ್ ಅಳವಡಿಸಿ ಕೊಟ್ಟಿದ್ದೆ. ಕೆಲಸ ಮುಗಿದ ಮೇಲೆ ಅವರು ಚಹಾ ಕೊಟ್ಟು, ಇದರಲ್ಲಿ ಏನೇನು ಕಾಣುತ್ತದೆ ಎಂದು ಕೇಳಿದರು. ಲಾಗ್ ಪುಟ ತೆರೆದೆ. ಎಡಗಡೆ ಸಮಯ, ನಡುವೆ ಸಾಧನದ ಹೆಸರು, ಬಲಗಡೆ ಸೈಟಿನ ಹೆಸರು. ಸಾಧನದ ಹೆಸರೆಂದರೆ ಮತ್ತೇನಲ್ಲ, ಹುಡುಗನ ಹೆಸರು, ಅದರ ಪಕ್ಕದಲ್ಲಿ ಫೋನಿನ ಮಾದರಿ. ರಾತ್ರಿ 1:12ಕ್ಕೆ ಯಾರು ಯಾವ ಸೈಟಿನಲ್ಲಿದ್ದರೆಂಬುದನ್ನು ನಾವಿಬ್ಬರೂ ಓದಿ, ಇಬ್ಬರೂ ಏನೂ ಮಾತನಾಡದೆ ಚಹಾ ಮುಗಿಸಿದೆವು. ಯಾವ ವಿಡಿಯೊ, ಯಾವ ಪುಟ ಎಂಬುದು ಅಲ್ಲಿ ಕಾಣುವುದಿಲ್ಲ, ಸೈಟಿನೊಡನೆ ನಡೆಯುವ ಮಾತುಕತೆಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ಅದನ್ನು ಮುಚ್ಚುತ್ತದೆ. ಸೈಟಿನ ಹೆಸರು ಮಾತ್ರ ಸಾಮಾನ್ಯವಾಗಿ ತೆರೆದೇ ಹೋಗುತ್ತದೆ. ಮೊದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸಾಧನದ ಹೆಸರಿನಲ್ಲಿ ನಿಮ್ಮ ಹೆಸರಿದ್ದರೆ ಬದಲಾಯಿಸಿ. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಆಯ್ಕೆಯಿದೆ, ಸೈಟಿನ ವಿಳಾಸ ಹುಡುಕಲು ಫೋನು ಕೇಳುವ ಪ್ರಶ್ನೆಯನ್ನು ಅದು ಮುಚ್ಚಿಡುತ್ತದೆ. ಅದನ್ನು ಹಾಕಿದರೆ ಇಂಥ ಸಾಧಾರಣ ರೂಟರ್‌ಗಳ ಪಟ್ಟಿಯಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಪೂರ್ತಿಯಾಗಿ ಅಲ್ಲ. ಅದಕ್ಕಿಂತ ಸರಳವಾದದ್ದು, ನಿಮ್ಮ ಸ್ವಂತ ಮೊಬೈಲ್ ಡೇಟಾ.

---

ಪಣಂಬೂರು ಗಾಳಿ | ಬುಧವಾರ, ಬೆಳಿಗ್ಗೆ 9:48

ಇಷ್ಟೆಲ್ಲ ಏಕೆ ಮಾರಾಯರೇ, ನಮ್ಮ ಓಡಾಟವನ್ನು ಬೇರೆ ಕಂಪನಿಯ ಸರ್ವರ್ ಮೂಲಕ ಮುಚ್ಚಿ ಸಾಗಿಸುವ ಒಂದು ಉಚಿತ ವಿಪಿಎನ್ ಹಾಕಿಕೊಂಡರೆ ಎಲ್ಲವೂ ಮುಗಿಯಿತಲ್ಲ. ನಾನು ಮೂರು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ.

---

ಹಳೆಯ ರೂಟರ್ | ಬುಧವಾರ, ಬೆಳಿಗ್ಗೆ 10:30

ವಿಪಿಎನ್ ಹಾಕಿದರೆ ಪಿಜಿಯ ಯಜಮಾನರಿಗೆ ಕಾಣುತ್ತಿದ್ದುದು ವಿಪಿಎನ್ ಕಂಪನಿಗೆ ಕಾಣುತ್ತದೆ, ನಂಬಿಕೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿದಂತೆ. ಉಚಿತವಾಗಿ ಕೊಡುವವನು ಸರ್ವರ್ ಬಾಡಿಗೆಯನ್ನು ಎಲ್ಲಿಂದ ಕಟ್ಟುತ್ತಾನೆಂದು ಒಮ್ಮೆ ಯೋಚಿಸಿ. 2020ರಲ್ಲಿ, ತಾವು ಲಾಗ್ ಇಡುವುದೇ ಇಲ್ಲವೆಂದು ಘೋಷಿಸಿದ್ದ ಹಾಂಗ್‌ಕಾಂಗ್ ಮೂಲದ 7 ಉಚಿತ ವಿಪಿಎನ್‌ಗಳ ಲಾಗ್‌ಗಳೇ ಬೀಗವಿಲ್ಲದ ಸರ್ವರ್‌ನಲ್ಲಿ ಸಿಕ್ಕವು. ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಆ ವರ್ಷವೇ ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್ ಮುಂತಾದವು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಹಣ ಕೊಟ್ಟು ಒಳ್ಳೆಯದನ್ನು ಬಳಸುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕುಂಜಿಬೆಟ್ಟಿನವರು ವಿಪಿಎನ್ ಒಳಗೆ ಕುಳಿತು ತಮ್ಮದೇ ಜಿಮೇಲ್ ಕೊಟ್ಟು ಖಾತೆ ತೆರೆದಿದ್ದರೆ ಈಗಿನ ಸಮಸ್ಯೆ ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಇನ್ನೊಂದು ವಿಷಯ ಈಗ ನೆನಪಾಯಿತು. 2015ರಲ್ಲಿ 857, 2018ರಲ್ಲಿ 827 ಸೈಟ್‌ಗಳನ್ನು ತಡೆಯುವಂತೆ ದೂರಸಂಪರ್ಕ ಇಲಾಖೆ ಆದೇಶಿಸಿದ ಮೇಲೆ (ಮೊದಲನೆಯದನ್ನು ಕೆಲವೇ ದಿನಗಳಲ್ಲಿ ಸಡಿಲಿಸಿದರು, ಎರಡನೆಯದು ಉತ್ತರಾಖಂಡ ಹೈಕೋರ್ಟ್ ಆದೇಶದ ಹಿನ್ನೆಲೆಯದು) ಅವೇ ಹೆಸರುಗಳನ್ನು ಹೋಲುವ ನಕಲಿ ಸೈಟ್‌ಗಳು ಹುಟ್ಟಿಕೊಂಡಿವೆ. ಮೂಲ ಸೈಟಿಗಿಂತ ಈ ನಕಲಿಗಳೇ ಹೆಚ್ಚು ಅಪಾಯಕಾರಿ. ವಿಡಿಯೊ ನೋಡಲು ಎಪಿಕೆ ಕಡತವನ್ನು (ಪ್ಲೇ ಸ್ಟೋರ್ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್) ಇಳಿಸಿಕೊಳ್ಳಿ ಎನ್ನುವುದು, ಅಧಿಸೂಚನೆಗೆ ಅನುಮತಿ ಕೇಳುವುದು, ಇದ್ದಕ್ಕಿದ್ದಂತೆ ಪರದೆಯನ್ನು ತುಂಬಿಕೊಂಡು ಸರ್ಕಾರಿ ಲಾಂಛನ ತೋರಿಸಿ ದಂಡ ಕಟ್ಟಿ ಎನ್ನುವುದು, ಇವೆಲ್ಲ ಅಲ್ಲಿಯವೇ. ಎಪಿಕೆ ಹಾಕಿಕೊಂಡು ಸಂಪರ್ಕ ಪಟ್ಟಿಗೆ ಅನುಮತಿ ಕೊಟ್ಟರೆ ಮಾತ್ರ, ನಿಮ್ಮ ಪತ್ರದವನು ಸುಳ್ಳು ಸುಳ್ಳೇ ಹೇಳಿದ ಬೆದರಿಕೆ ನಿಜವಾಗಬಹುದು.

---

ಕಂಕನಾಡಿ ಕೌಂಟರ್ | ಬುಧವಾರ, ಸಂಜೆ 6:15

ನಾನು ಮಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಕಾರ್ಡಿನ ವಿಷಯವನ್ನು ಯಾರೂ ವಿವರವಾಗಿ ಮುಟ್ಟಿಲ್ಲವಾದ್ದರಿಂದ ಬರೆಯುತ್ತೇನೆ.

ನಮ್ಮ ಕಡೆ ಅನೇಕರ ಖಾತೆ ಶಾಲಾ ದಿನಗಳಲ್ಲಿ ತಂದೆಯ ಜೊತೆ ತೆರೆದದ್ದು. ಹುಡುಗ ದೊಡ್ಡವನಾಗಿ ಸಂಬಳ ಬರತೊಡಗಿದರೂ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ತಂದೆಯದೇ ಆಗಿ ಉಳಿದಿರುತ್ತದೆ. ಒಮ್ಮೆ ಒಬ್ಬ ಹಿರಿಯರು ಫೋನ್ ಹಿಡಿದುಕೊಂಡು ಬಂದು, ಇದು ಯಾವ ಅಂಗಡಿ, ನಾನು ಡಾಲರಿನಲ್ಲಿ ಏನನ್ನೂ ಖರೀದಿಸಿಲ್ಲ, ಕಾರ್ಡನ್ನು ಯಾರೋ ಕದ್ದಿದ್ದಾರೆ ಎಂದು ಗಾಬರಿಯಿಂದ ಕೇಳಿದರು. ಸಂದೇಶದಲ್ಲಿದ್ದ ಹೆಸರನ್ನು ಓದಿದ ಕೂಡಲೇ ನನಗೆ ಅರ್ಥವಾಯಿತು. ಪಕ್ಕದಲ್ಲಿ ನಿಂತಿದ್ದ ಮಗನ ಮುಖ ನೋಡಿದ ಮೇಲೆ ಉಳಿದದ್ದೂ ಅರ್ಥವಾಯಿತು. ವಿದೇಶಿ ವ್ಯವಹಾರವನ್ನು ನಿಲ್ಲಿಸಿ ಕೊಡುತ್ತೇನೆ ಎಂದಷ್ಟೇ ಹೇಳಿ ಕಳುಹಿಸಿದೆ. ಹೀಗಾಗಿ ಮೊದಲು ನಿಮ್ಮ ಖಾತೆಯ ಸಂದೇಶ ಯಾರ ಫೋನಿಗೆ ಹೋಗುತ್ತಿದೆ, ಖಾತೆ ಜಂಟಿಯೇ ಎಂಬುದನ್ನು ನೋಡಿಕೊಳ್ಳಿ. ಸೈಟಿನ ಹೆಸರಿನ ಬದಲು ಹಣ ವಸೂಲಿ ಮಾಡುವ ಮಧ್ಯವರ್ತಿ ಕಂಪನಿಯ ಹೆಸರು ಪಾಸ್‌ಬುಕ್ಕಿನಲ್ಲಿ ಬರುವುದುಂಟು, ಆದರೆ ಆ ಹೆಸರನ್ನು ಗೂಗಲ್‌ನಲ್ಲಿ ಹುಡುಕಲು ಯಾರಿಗೂ ಒಂದು ನಿಮಿಷ ಸಾಕು.

ಕೆಲವು ಸೈಟ್‌ಗಳ ಎರಡು ದಿನದ ಅಗ್ಗದ ಪರೀಕ್ಷಾ ಅವಧಿ ಮುಗಿದ ಕೂಡಲೇ ತಿಂಗಳ ಚಂದಾ ತಾನಾಗಿ ಆರಂಭವಾಗುತ್ತದೆ. ಎರಡು ವರ್ಷಗಳ ಸ್ಟೇಟ್‌ಮೆಂಟನ್ನು ಒಮ್ಮೆ ಸಾವಧಾನವಾಗಿ ಓದಿ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರಕ್ಕೆ ಪ್ರತ್ಯೇಕ ಸ್ವಿಚ್ ಇದೆ, ರಿಸರ್ವ್ ಬ್ಯಾಂಕ್ 2020ರಲ್ಲಿ ಕಡ್ಡಾಯ ಮಾಡಿದ್ದು. ಅದನ್ನು ಆಫ್ ಮಾಡಿ. 2022ರ ಅಕ್ಟೋಬರ್‌ನಿಂದ ಇಲ್ಲಿನ ವ್ಯಾಪಾರಿಗಳು ಕಾರ್ಡ್ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ, ಅದರ ಬದಲಿಗೆ ಬಳಸುವ ಟೋಕನ್ ಎಂಬ ಬೇರೆ ಸಂಖ್ಯೆ ಮಾತ್ರ. ಆದರೆ ವಿದೇಶದ ಸೈಟು ಅದನ್ನು ಪಾಲಿಸುತ್ತದೆಂದು ನಂಬಿ ಕೂರಬೇಡಿ. ಕಾರ್ಡನ್ನೇ ರದ್ದುಪಡಿಸಿ ಹೊಸದನ್ನು ಪಡೆಯುವುದು ನನ್ನ ಸಲಹೆ. ಬ್ಯಾಂಕಿಗೆ ಕಾರಣ ಹೇಳಬೇಕಾಗಿಲ್ಲ, ನಾವು ಕೇಳುವುದೂ ಇಲ್ಲ.

---

ಅಜ್ಜರಕಾಡು ವಕೀಲೆ | ಗುರುವಾರ, ಬೆಳಿಗ್ಗೆ 8:10

ಕಾನೂನಿನ ಭಯ ಇಲ್ಲಿ ಅನೇಕರ ಬಾಯಿ ಮುಚ್ಚಿಸುತ್ತದೆ. ಬೆದರಿಸುವವರಿಗೆ ಅದೇ ಬಂಡವಾಳ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಕಲಮುಗಳು ಶಿಕ್ಷೆ ವಿಧಿಸುವುದು ಪ್ರಕಟಿಸುವುದಕ್ಕೆ ಮತ್ತು ರವಾನಿಸುವುದಕ್ಕೆ. ವಯಸ್ಕನೊಬ್ಬ ವಯಸ್ಕರ ದೃಶ್ಯವನ್ನು ತನ್ನ ಕೋಣೆಯಲ್ಲಿ ಖಾಸಗಿಯಾಗಿ ನೋಡುವುದನ್ನು ಅವು ಅಪರಾಧವೆನ್ನುವುದಿಲ್ಲ. ಅದೇ ವಿಡಿಯೊವನ್ನು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದರೆ ಪರಿಸ್ಥಿತಿ ಬದಲಾಗುತ್ತದೆ. ಮಕ್ಕಳಿರುವ ದೃಶ್ಯಗಳ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ: 67ಬಿ ಪ್ರಕಾರ ಹುಡುಕುವುದು, ಇಳಿಸಿಕೊಳ್ಳುವುದೂ ಅಪರಾಧ, ಮತ್ತು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ವ್ಯಾಖ್ಯಾನಿಸಿದೆ.

ನಿಮಗೆ ಬಂದ ಪತ್ರದಂಥ ಸುಲಿಗೆ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಬರುತ್ತದೆ. ಪತ್ರವನ್ನು ಅಳಿಸದೆ ಇಟ್ಟುಕೊಳ್ಳಿ. ಹಣ ಕಳೆದುಕೊಂಡವರು ಕೂಡಲೇ 1930ಕ್ಕೆ ಕರೆ ಮಾಡಬೇಕು. ಉಡುಪಿ, ಮಂಗಳೂರು ಎರಡೂ ಕಡೆ ಸೆನ್ ಠಾಣೆಗಳಿವೆ (ಸೈಬರ್, ಆರ್ಥಿಕ, ಮಾದಕದ್ರವ್ಯ ಅಪರಾಧಗಳ ಪೊಲೀಸ್ ಠಾಣೆಗಳು). ದೂರು ಕೊಡುವವರು ತಾನು ಏನನ್ನು ನೋಡುತ್ತಿದ್ದೆ ಎಂಬ ವಿವರಣೆಯಿಂದ ಆರಂಭಿಸಬೇಕಾಗಿಲ್ಲ. ಬೆದರಿಕೆ ಬಂತು, ಹಣ ಕೇಳಿದರು, ಇಲ್ಲಿದೆ ಪತ್ರ, ಇಷ್ಟು ಸಾಕು.

ಅಳಿಸುವ ಹಕ್ಕಿನ ಬಗ್ಗೆ. ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದಕ್ಕೆ ಅಲ್ಲಿಂದ 18 ತಿಂಗಳ ಅವಧಿ ಕೊಟ್ಟಿದ್ದಾರೆ. ಸದ್ಯಕ್ಕೆ ಇದಕ್ಕಿಂತ ಉಪಯುಕ್ತವಾದ ದಾರಿ ಯುರೋಪಿನದು. ಈ ಕ್ಷೇತ್ರದ ಕೆಲವು ದೊಡ್ಡ ಕಂಪನಿಗಳು ಸೈಪ್ರಸ್‌ನಲ್ಲಿ, ಜೆಕ್ ಗಣರಾಜ್ಯದಲ್ಲಿ ನೋಂದಣಿಯಾಗಿವೆ. ಕಂಪನಿ ಯುರೋಪಿನದಾದರೆ ಅಲ್ಲಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ಅದಕ್ಕೆ ಅನ್ವಯಿಸುತ್ತದೆ, ಬಳಕೆದಾರ ಎಲ್ಲಿ ವಾಸವಾಗಿದ್ದಾನೆಂಬುದು ಮುಖ್ಯವಲ್ಲ. ಸೈಟಿನ ಗೌಪ್ಯತಾ ನೀತಿಯ ಕೊನೆಯಲ್ಲಿ ಕಂಪನಿಯ ವಿಳಾಸವಿರುತ್ತದೆ. ಅದು ಯುರೋಪಿನದಾಗಿದ್ದರೆ, ಜಿಡಿಪಿಆರ್‌ನ 17ನೇ ವಿಧಿಯಡಿ ನನ್ನ ದತ್ತಾಂಶವನ್ನು ಅಳಿಸಿ ಎಂದು ಎರಡು ಸಾಲು ಬರೆಯಿರಿ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಲು ಅವರು ಬದ್ಧರು.

---

ಕುಂಜಿಬೆಟ್ಟಿನವ | ಭಾನುವಾರ, ಮಧ್ಯಾಹ್ನ 2:40

ಎಲ್ಲರಿಗೂ ಕೃತಜ್ಞತೆಗಳು. ಪತ್ರದ ಮೂಲರೂಪದಲ್ಲಿ ಎಸ್‌ಪಿಎಫ್ ವಿಫಲ ಎಂದೇ ಇತ್ತು. ಕಾರ್ಡ್ ಬದಲಾಯಿಸಲು ಅರ್ಜಿ ಹಾಕಿದ್ದೇನೆ. ಬ್ಯಾಂಕಿನ ಸಂದೇಶ ನನ್ನ ಫೋನಿಗೇ ಬರುತ್ತಿದೆ, ಪುಣ್ಯ. ಆದರೆ ಕುಂದಾಪುರದ ಮನೆಯಲ್ಲಿ ಅಮ್ಮ ಭಜನೆ ಕೇಳುವ ಟ್ಯಾಬ್ಲೆಟ್‌ನಲ್ಲಿ ನನ್ನದೇ ಗೂಗಲ್ ಖಾತೆ ಇದೆಯೆಂಬುದು ಇವತ್ತು ನೆನಪಾಗಿ ಬೆವರಿದೆ. ಇನ್‌ಕಾಗ್ನಿಟೊ ಮರೆತು ತೆರೆದ ಒಂದೆರಡು ಪುಟಗಳು ಕ್ರೋಮ್ ಇತಿಹಾಸದಲ್ಲಿ ಅಲ್ಲಿಗೂ ಹೋಗಿ ಕುಳಿತಿರುತ್ತಿದ್ದವು. ಸಿಂಕ್ ನಿಲ್ಲಿಸಿ, ಇತಿಹಾಸ ಅಳಿಸಿ, ದೂರದಿಂದಲೇ ಆ ಸಾಧನವನ್ನು ಲಾಗೌಟ್ ಮಾಡಿದೆ. ಭಜನೆ ಬರುತ್ತಿಲ್ಲವೆಂದು ಅಮ್ಮನ ಫೋನ್ ಈಗಾಗಲೇ ಎರಡು ಬಾರಿ ಬಂದಿದೆ.

ಒಂದು ಹೊಸ ತೊಡಕು. ವಿವರಗಳನ್ನು ಬದಲಾಯಿಸಲು ಹೋದರೆ ಸೈಟು ಇಮೇಲ್ ಬದಲಿಸಲು ಬಿಡುತ್ತಿಲ್ಲ. ಕಂಪನಿ ಯುರೋಪಿನದೇ ಆದ್ದರಿಂದ ವಕೀಲರು ಹೇಳಿದಂತೆ ಬರೆದೆ. ಖಾತೆ ನಿಮ್ಮದೇ ಎಂದು ತೋರಿಸಲು ಸರ್ಕಾರಿ ಗುರುತಿನ ಚೀಟಿಯ ಚಿತ್ರ ಕಳುಹಿಸಿ ಎಂದು ಉತ್ತರ ಬಂದಿದೆ. ಆಧಾರ್ ಕಳುಹಿಸಲೇ?

---

ಅಜ್ಜರಕಾಡು ವಕೀಲೆ | ಭಾನುವಾರ, ಸಂಜೆ 4:05

ಖಂಡಿತ ಕಳುಹಿಸಬೇಡಿ. ಸಂಖ್ಯೆ ಮರೆಮಾಚಿದ ಆಧಾರ್ ಕೂಡ ಬೇಡ, ಅದರಲ್ಲೂ ನಿಮ್ಮ ಮುಖ ಮತ್ತು ಹೆಸರು ಇರುತ್ತವೆ. ಖಾತೆ ತೆರೆಯುವಾಗ ಅವರು ಕೇಳದ ಗುರುತನ್ನು ಮುಚ್ಚುವಾಗ ಕೊಟ್ಟರೆ, ಇದುವರೆಗೆ ಅವರ ಬಳಿ ಇಲ್ಲದ ಅತ್ಯಂತ ದೊಡ್ಡ ಆಧಾರವನ್ನು ನೀವೇ ಒದಗಿಸಿದಂತಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ಗೆ ಸೇವೆ ಒದಗಿಸುತ್ತಿದ್ದ ಹೊರಗಿನ ಕಂಪನಿಯೊಂದರಿಂದ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಚಿತ್ರಗಳು ಸೋರಿದ್ದವು. ವಯಸ್ಸು ದೃಢಪಡಿಸಲೆಂದು ಜನ ನಂಬಿ ಕಳುಹಿಸಿದ್ದ ಚೀಟಿಗಳವು.

ಜಿಡಿಪಿಆರ್‌ನ 12ನೇ ವಿಧಿಯ ಪ್ರಕಾರ, ಅರ್ಜಿದಾರ ಯಾರೆಂಬ ಬಗ್ಗೆ ಸಮಂಜಸವಾದ ಸಂದೇಹವಿದ್ದರೆ ಮಾತ್ರ ಹೆಚ್ಚಿನ ಮಾಹಿತಿ ಕೇಳಬಹುದು. ನೋಂದಾಯಿಸಿದ ಅದೇ ಇಮೇಲ್‌ನಿಂದ ಬರೆಯುತ್ತಿದ್ದೇನೆ, ಖಾತೆಗೆ ಲಾಗಿನ್ ಆಗಬಲ್ಲೆ, ಬೇಕಿದ್ದರೆ ನೀವು ಕಳುಹಿಸುವ ಸಂಕೇತವನ್ನು ಖಾತೆಯ ಒಳಗಿನಿಂದಲೇ ನಮೂದಿಸುತ್ತೇನೆ, ಆದ್ದರಿಂದ ಗುರುತಿನ ಚೀಟಿ ಅನಾವಶ್ಯಕ ಎಂದು ಬರೆಯಿರಿ. ಒಪ್ಪದಿದ್ದರೆ ಆ ದೇಶದ ದತ್ತಾಂಶ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರು ಕೊಡುವುದಾಗಿ ಕೊನೆಯಲ್ಲಿ ಸೇರಿಸಿ.

---

ಕುಂಜಿಬೆಟ್ಟಿನವ | ಶುಕ್ರವಾರ, ರಾತ್ರಿ 9:30

ಇವತ್ತು ಉತ್ತರ ಬಂತು. ಗುರುತಿನ ಚೀಟಿ ಬೇಡವಂತೆ. ಖಾತೆಯ ಒಳಗಿನಿಂದ ಆರು ಅಂಕಿಗಳ ಸಂಕೇತ ಹಾಕಿಸಿಕೊಂಡರು, 30 ದಿನಗಳಲ್ಲಿ ಅಳಿಸುವುದಾಗಿ ಬರೆದಿದ್ದಾರೆ. ಅಮ್ಮನ ಟ್ಯಾಬ್ಲೆಟ್‌ಗೆ ಅಮ್ಮನ ಹೆಸರಿನಲ್ಲೇ ಹೊಸ ಖಾತೆ ಮಾಡಿಕೊಟ್ಟಿದ್ದೇನೆ.